ಹಾಲಿನ ಲೆಕ್ಕ, ಉಚ್ಚೆ ಲೆಕ್ಕ

ನಿಟುವಳ್ಳೀಲಿ ನಮ್ಮ ಅತ್ತೆ ಮನೇಲಿ ಬಾಣಂತನ ಶುರುವಾಗಿದ್ದು ಏಪ್ರಿಲ್‌ನಲ್ಲಿ. ದಾವಣಗೆರೆ ಬಿಸಿಲು ಗೊತ್ತಲ್ಲ, ಹನ್ನೊಂದು ಗಂಟೆಗೇ ರೋಡು ಕಣ್ಣಿಗೆ ಹೊಡೆಯುತ್ತೆ. ಅಂಥಾದ್ರಲ್ಲಿ ಬಾಣಂತಿ ಕೋಣೆ ಕಿಟಕಿ ಬಂದ್, ಫ್ಯಾನ್ ಬಂದ್, ಹೆಂಡ್ತಿ ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ಕೂಸಿಗೆ ಉಲ್ಲನ್ ಕುಲಾಯಿ. ನಾನು ವರ್ಕ್ ಫ್ರಂ ಹೋಮ್ ತಗೊಂಡು ಬಂದ ಅಳಿಯ, ಪಡಸಾಲೇಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿರ್ತಿದ್ದೆ. ಒಳಗೆ ಇಣುಕಿದ್ರೆ "ನೀವು ಅಲ್ಲೇ ಇರ್ರಿ, ಇದೆಲ್ಲಾ ಹೆಂಗಸರ ಕೆಲಸ" ಅನ್ನೋರು, ಆದ್ರೆ ಲಂಗೋಟಿ ಒಗೆದು ಒಣಗಹಾಕೋದು ಮಾತ್ರ ಹೆಂಗಸರ ಕೆಲಸ ಅಲ್ಲ ಅಂತ ಯಾವಾಗ ತೀರ್ಮಾನ ಆಯ್ತೋ ನಂಗೊತ್ತಿಲ್ಲ.

ಹೊಕ್ಕಳ ಬಳ್ಳಿ ಉದುರೋ ತನಕ ಒದ್ದೆ ಬಟ್ಟೇಲಿ ಒರೆಸಿದ್ರೆ ಸಾಕು, ಅದಕ್ಕೆ ಎಣ್ಣೆ ಅರಿಶಿನ ಏನೂ ಹಚ್ಬ್ಯಾಡ್ರಿ ಅಂತ ಡಾಕ್ಟರ್ ಹೇಳಿ ಕಳಿಸಿದ್ರು. ಉದುರಿದ ಮೇಲೆ ಎರೆಯೋ ಅಜ್ಜಿ ಬರೋಕೆ ಶುರುವಾಯ್ತು. ಬಚ್ಚಲಲ್ಲಿ ಮಣೆ ಮೇಲೆ ಕೂತು, ಸೀರೆ ಮೊಣಕಾಲ ತನಕ ಏರಿಸಿ ಎರಡೂ ಕಾಲು ಚಾಚಿ, ಕೂಸನ್ನ ಅದರ ಮೇಲೆ ಬೋರಲು ಮಲಗಿಸ್ಕೊಳ್ಳುತ್ತೆ. ಚೆಂಬಿನ ನೀರು ಮೊದಲು ತನ್ನ ಕಾಲಿಗೆ ಸುರ್ಕೊಂಡು ಬಿಸಿ ನೋಡುತ್ತೆ, ಆಮೇಲೆ ಕೂಸಿನ ಬೆನ್ನಿಗೆ. ನೀರು ಬಿದ್ದಿದ್ದೇ ತಡ ಅಳು ನಿಂತು, ಬಿಗಿ ಹಿಡಿದ ಮುಷ್ಟಿ ಒಂದೊಂದೇ ಬೆರಳು ಬಿಚ್ಚೋದು. ಮೂಗಿಗೆ ಕಿವಿಗೆ ಎಣ್ಣೆ ಬಿಡೋಕೆ ಹೋದ್ರೆ ಒಳಗಿಂದ ನನ್ನ ಹೆಂಡ್ತಿ "ಅಜ್ಜೀ ಬ್ಯಾಡ" ಅಂತ ಕೂಗೋಳು. "ನಿನಗೆ ಎರೆದೋಳೂ ನಾನೇ, ನಿನಗೇನು ಕಿವಿ ಕೇಳ್ಸಲ್ಲೇನು?" ಇದಕ್ಕೆ ಉತ್ತರ ಯಾರ ಹತ್ರನೂ ಇರ್ಲಿಲ್ಲ, ಎಣ್ಣೆ ಮಾತ್ರ ಹಾಕೋಕೆ ಬಿಡ್ಲಿಲ್ಲ.

ನೋಡೋಕೆ ಬಂದೋರ ಬಗ್ಗೆ ಹೆಚ್ಚು ಹೇಳಲ್ಲ. ಬಾಣಂತಿ ಕಣ್ಣು ಮುಚ್ಚಿದ ಟೈಮಿಗೇ ಬರ್ತಾರೆ, ಅಷ್ಟೇ.

ನಿಜವಾದ ಜಗಳ ಹಾಲಿಂದು. ಹುಟ್ಟಿದಾಗ 2.9 ಕೆಜಿ ಇದ್ದ ಕೂಸು, ಏಳನೇ ದಿನ ಆಶಾ ಕಾರ್ಯಕರ್ತೆ ಅಕ್ಕ ಬಂದು ಜೋಳಿಗೆ ತರದ ತಕ್ಕಡೀಲಿ ತೂಗಿದಾಗ 2.7. ಅತ್ತೆ ಮುಖ ಬಾಡೋಯ್ತು, ಹಾಲು ಸಾಲ್ತಿಲ್ಲ, ಆಕಳ ಹಾಲು ಹಾಕೋಣ, ಈ ಸೆಖೆಗೆ ಒಂದು ಚಮಚ ಸಕ್ಕರೆ ನೀರಾದ್ರೂ ಹಾಕೋಣ, ಗಂಟಲು ಒಣಗುತ್ತೆ ಅಂತ ಶುರು ಮಾಡಿದ್ರು. ಆಶಾ ಅಕ್ಕ ತಾಯಿ ಕಾರ್ಡ್ ಪಕ್ಕಕ್ಕಿಟ್ಟು ಕೂತ್ಕೊಂಡು ಹೇಳಿದ್ಲು, ಮೊದಲ ವಾರ ನೂರಕ್ಕೆ ಹತ್ತು ಭಾಗದ ತನಕ ತೂಕ ಇಳಿಯೋದು ಇರೋದೇ ಅಮ್ಮಾ, ಹತ್ತು ಹದಿನಾಲ್ಕು ದಿನದಾಗೆ ವಾಪಸ್ ಬರ್ತೈತಿ, ಆರು ತಿಂಗಳು ನೀರೂ ಬ್ಯಾಡ, ಎದೆಹಾಲಿನಾಗೇ ನೀರೈತಿ. ನಾನು ಎಷ್ಟು ಗೂಗಲ್ ಮಾಡಿ ತೋರಿಸಿದ್ರೂ ತಲೆ ಆಡಿಸದ ಅತ್ತೆ ಇವಳ ಮಾತಿಗೆ ಒಪ್ಪಿದ್ರು. ಒಪ್ಪದೆ ಏನು, ಇವಳು ಮತ್ತೆ ಬರ್ತಾಳಲ್ಲ, 14ನೇ ದಿನಕ್ಕೆ, 21ಕ್ಕೆ, 28ಕ್ಕೆ, 42ಕ್ಕೆ, ಬಂದಾಗೆಲ್ಲ ತೂಗ್ತಾಳೆ.

ಹಾಲು ಸಾಕಾಗ್ತೈತೋ ಇಲ್ವೋ ಗೊತ್ತಾಗ್ಬೇಕಂದ್ರೆ ಉಚ್ಚೆ ಎಣಿಸ್ರಿ, ದಿನಕ್ಕೆ ಆರು ಸಲಕ್ಕಿಂತ ಕಮ್ಮಿ ಇರ್ಬಾರ್ದು ಅಂತಾನೂ ಹೇಳಿ ಹೋದ್ಲು. ಲಂಗೋಟಿ ಖಾತೆ ನಂದೇ ಅಲ್ವಾ, ಎಣಿಸೋದೂ ನಂಗೇ ಬಂತು. ಅತ್ತೆ ಗೋಡೆ ಕ್ಯಾಲೆಂಡರ್ ತೋರಿಸಿ "ಇದ್ರಾಗೇ ಗೀಟು ಹಾಕ್ರಿ, ಪೆನ್ನು ಇಲ್ಲೇ ಕಟ್ಟೀನಿ" ಅಂದ್ರು. ಅದೇ ಕ್ಯಾಲೆಂಡರಲ್ಲಿ ಅವರು ಹಾಲಿನ ಲೆಕ್ಕಾನೂ ಬರೀತಿದ್ರು, ಲೀಟರಿಗೊಂದು ಗೀಟು. ಹದಿನಾಲ್ಕನೇ ದಿನ ತೂಕ 2.95 ಬಂತು, ಸಕ್ಕರೆ ನೀರಿನ ಸುದ್ದಿ ಅಲ್ಲಿಗೆ ಮುಗೀತು.

ತಿಂಗಳ ಕೊನೇಲಿ ಹಾಲಿನವರು ಬಂದಾಗ ಅತ್ತೆ ಸಂತೆಗೆ ಹೋಗಿದ್ರು. ಮಾವ ಕನ್ನಡಕ ಏರಿಸ್ಕೊಂಡು ಗೀಟು ಎಣಿಸಿ, ದಿನಕ್ಕೆ ಎಂಟು ಒಂಬತ್ತು ಲೀಟರ್ ಯಾರು ಕುಡಿದ್ರೋ ಅಂತ ಒಳಗೆ ಕೂಗಿದ್ರು. ಹಾಲಿನವರು ನಕ್ಕೊಂಡು, "ಬರ್ದಂಗೆ ಕೊಟ್ಬಿಡ್ರಿ ಯಜಮಾನ್ರೆ, ನಾನೇನು ಬ್ಯಾಡ ಅನ್ನಲ್ಲ" ಅಂದ್ರು.