ಗಲ್ಲು ಶಿಕ್ಷೆಯಾದ ಹೆಂಗಸು ಜೈಲಿನಲ್ಲಿ ದಿನವಿಡೀ ಏನು ಮಾಡುತ್ತಾಳೆ?

ಮೈಸೂರಿನಲ್ಲಿ ವಕೀಲಿ ವೃತ್ತಿ ಮಾಡುವ ನಾನು ಉಚಿತ ಕಾನೂನು ನೆರವಿನ ವಕೀಲರ ಪಟ್ಟಿಯಲ್ಲೂ ಇದ್ದೇನೆ. ಹಾಗಾಗಿ ನಂಜನಗೂಡಿನ ಕಾಲೇಜಿರಲಿ, ಪಾಂಡವಪುರದ ಸ್ತ್ರೀಶಕ್ತಿ ಸಂಘವಿರಲಿ, ಕಾನೂನು ಅರಿವು ಕಾರ್ಯಕ್ರಮ ಎಂದರೆ ಮೈಕು ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬರುತ್ತದೆ. ನಾನು ಹೇಳಲು ಹೋಗುವುದು ಜೀವನಾಂಶ, ಪೋಕ್ಸೊ, ಆಸ್ತಿಯಲ್ಲಿ ಹೆಣ್ಣುಮಕ್ಕಳ ಪಾಲು. ಅದನ್ನೆಲ್ಲ ಸಭೆ ಗಂಭೀರವಾಗಿ ಕೇಳಿಸಿಕೊಳ್ಳುತ್ತದೆ. ಕೊನೆಗೆ ‘ಏನಾದರೂ ಪ್ರಶ್ನೆ ಇದ್ದರೆ ಕೇಳಿ’ ಎಂದರೆ ಆಸ್ತಿಯ ಮಾತು ಯಾರೂ ಎತ್ತುವುದಿಲ್ಲ, ಅಣ್ಣತಮ್ಮಂದಿರು ಅಲ್ಲೇ ಕುಳಿತಿರುತ್ತಾರಲ್ಲ. ಯಾರಿಗೂ ಮುಜುಗರವಾಗದ ಪ್ರಶ್ನೆಯೊಂದು ಬರುತ್ತದೆ. ಗಲ್ಲು ಶಿಕ್ಷೆಯಾದ ಹೆಂಗಸು ಜೈಲಿನಲ್ಲಿ ದಿನವಿಡೀ ಏನು ಮಾಡುತ್ತಾಳೆ ಮೇಡಂ?

ಗಂಡಸರು ಕೇಳಿದರೆ ಅದು ಊಟದ ಲೆಕ್ಕಕ್ಕೆ ತಿರುಗುತ್ತದೆ. ‘ನಮ್ಮ ತೆರಿಗೆ ದುಡ್ಡಿನಲ್ಲಿ ಎಷ್ಟು ವರ್ಷ ಸಾಕುತ್ತೀರಿ?’ ಸಾಕುತ್ತಿರುವುದು ನಾನೇ ಎಂಬಂತೆ ಕೇಳುತ್ತಾರೆ. ಹೆಂಗಸರ ಕುತೂಹಲ ಇನ್ನೂ ಸೂಕ್ಷ್ಮ. ಅವಳಿಗೆ ನಿದ್ದೆ ಬರುತ್ತದೆಯೇ, ದೇವರಿಗೆ ಕೈ ಮುಗಿಯುತ್ತಾಳೆಯೇ, ಅಳುತ್ತಾಳೆಯೇ? ಪಾಂಡವಪುರದಲ್ಲಿ ಒಬ್ಬಾಕೆ, ಸಂಘದ ಸಾಲದ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದವರು, ‘ಅಂಥವಳಿಗೆ ಹೂ ಮುಡಿಯುವುದಕ್ಕೆ ಬಿಡುತ್ತಾರೇನಮ್ಮ?’ ಎಂದು ಕೇಳಿದರು. ಪಕ್ಕದವರು ನಕ್ಕರು, ಆಕೆ ನಗಲಿಲ್ಲ.

ಮೊದಲು ಸರಳವಾದ ಉತ್ತರ ಹೇಳಿಬಿಡುತ್ತೇನೆ. ಮಹಿಳಾ ವಿಭಾಗದಲ್ಲಿರುವ ಉಳಿದವರು ಮಾಡುವುದನ್ನೇ ಅವಳೂ ಮಾಡುತ್ತಾಳೆ. ಬೆಳಿಗ್ಗೆ ಬೀಗ ತೆರೆಯುತ್ತಾರೆ, ತಲೆ ಎಣಿಸುತ್ತಾರೆ. ನೀರಿಗೆ ಸರದಿ, ತಿಂಡಿಗೆ ಸರದಿ. ಬಟ್ಟೆ ಒಗೆಯುವುದು, ಮಧ್ಯಾಹ್ನದ ಊಟ. ಸಂಜೆ ಕತ್ತಲಾಗುವ ಮೊದಲೇ ಮತ್ತೆ ಎಣಿಕೆ, ಮತ್ತೆ ಬೀಗ. ಊಟಕ್ಕೆ ನಮ್ಮ ಕಡೆಯ ಜೈಲುಗಳಲ್ಲಿ ಮುದ್ದೆ, ಅನ್ನ, ಸಾರು. ಗಲ್ಲು ಶಿಕ್ಷೆಯವರಿಗೆಂದು ಬೇರೆ ಒಲೆ ಹಚ್ಚುವುದಿಲ್ಲ.

ವ್ಯತ್ಯಾಸವಿರುವುದು ಅವಳಿಗೆ ಇಲ್ಲದಿರುವುದರಲ್ಲಿ. ಜೀವಾವಧಿಯವಳಿಗೆ ಹೊಲಿಗೆಯೋ ಅಡುಗೆಯೋ ಒಂದು ಕೆಲಸವಿರುತ್ತದೆ, ದಿನಗೂಲಿ ಖಾತೆಗೆ ಬೀಳುತ್ತದೆ. ಕೆಲವು ವರ್ಷ ಕಳೆದರೆ ಪೆರೋಲ್, ಇನ್ನೂ ಕಳೆದರೆ ಸನ್ನಡತೆಯ ಪಟ್ಟಿಯಲ್ಲಿ ಹೆಸರು ಬರಬಹುದೆಂಬ ಆಸೆ. ಗಲ್ಲಿನ ತೀರ್ಪಿನಲ್ಲಿ ಕಠಿಣ ಸಜೆಯ ದುಡಿಮೆ ಇರುವುದಿಲ್ಲವಾದ್ದರಿಂದ ಎಷ್ಟೋ ಜೈಲುಗಳು ಅಂಥವರನ್ನು ಕೆಲಸಕ್ಕೂ ಸೇರಿಸುವುದಿಲ್ಲ, ತರಗತಿಗೂ ಕಳಿಸುವುದಿಲ್ಲ. ‘ಕೂತು ತಿನ್ನುತ್ತಾಳೆ’ ಎಂದು ಹೊರಗಿನವರು ಮೂದಲಿಸುತ್ತಾರೆ. ಕೂರಿಸಿದವರು ಯಾರು ಎಂದು ಕೇಳುವುದಿಲ್ಲ. ಬೆಳಗಿನ ಎಣಿಕೆಯಿಂದ ಸಂಜೆಯ ಎಣಿಕೆಯವರೆಗೆ ಮಾಡಲು ಏನೂ ಇಲ್ಲದ ದಿನಗಳು, ಅವೂ ಎಷ್ಟಿವೆ ಎಂದು ಗೊತ್ತಿಲ್ಲದ ದಿನಗಳು. ಕೊಲ್ಹಾಪುರದ ರೇಣುಕಾ ಶಿಂದೆ ಮತ್ತು ಸೀಮಾ ಗಾವಿತ್ ಎಂಬ ಅಕ್ಕತಂಗಿಯರು 1996ರಲ್ಲಿ ಬಂಧಿತರಾದರು, 2001ರಲ್ಲಿ ಅವರಿಗೆ ಗಲ್ಲು ಶಿಕ್ಷೆಯಾಯಿತು, 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು, 2014ರಲ್ಲಿ ರಾಷ್ಟ್ರಪತಿಗಳು ಕ್ಷಮಾದಾನದ ಅರ್ಜಿಯನ್ನು ತಿರಸ್ಕರಿಸಿದರು. ಆ ಅರ್ಜಿಯ ತೀರ್ಮಾನಕ್ಕೆ ಸರ್ಕಾರಗಳು ಹೆಚ್ಚುಕಡಿಮೆ ಎಂಟು ವರ್ಷ ಹಿಡಿದಿದ್ದಕ್ಕೆ ಸರಿಯಾದ ಕಾರಣವೇ ಇಲ್ಲವೆಂದು ಬಾಂಬೆ ಹೈಕೋರ್ಟ್ 2022ರ ಜನವರಿಯಲ್ಲಿ ಶಿಕ್ಷೆಯನ್ನು ಜೀವಾವಧಿಗೆ ಇಳಿಸಿತು. ಅಷ್ಟು ಹೊತ್ತಿಗೆ ಅವರು ಒಳಗೆ ಹೋಗಿ ಕಾಲು ಶತಮಾನವಾಗಿತ್ತು.

ಈ ಅಕ್ಕತಂಗಿಯರು ಪುಟ್ಟ ಮಕ್ಕಳನ್ನು ಕದ್ದು ಕೊಂದವರು. ಅವರ ಹೆಸರೆತ್ತಿದರೆ ಕೃಷ್ಣಮೂರ್ತಿಪುರಂನಲ್ಲಿರುವ ನನ್ನ ಸೋದರತ್ತೆ ಕಾಫಿ ಲೋಟವನ್ನು ಠಕ್ಕೆಂದು ಕೆಳಗಿಡುತ್ತಾರೆ. ‘ಆ ಮಕ್ಕಳ ತಾಯಂದಿರು ದಿನಾ ಏನು ಮಾಡುತ್ತಾರೆ ಎಂದು ನಿನ್ನನ್ನು ಯಾರಾದರೂ ಕೇಳಿದ್ದಾರೇನೇ?’ ಕೇಳಿಲ್ಲ. ಅತ್ತೆಯ ಮಾತಿಗೆ ನನ್ನಲ್ಲಿ ಎದುರುತ್ತರವಿಲ್ಲ, ಇರಬೇಕೆಂದೂ ಅನ್ನಿಸುವುದಿಲ್ಲ. ಸತ್ತವರ ಮನೆಯವರಿಗೆ ನಮ್ಮ ವ್ಯವಸ್ಥೆ ಕೊಡುವುದು ವಿಚಾರಣೆಯ ದಿನಾಂಕಗಳನ್ನು ಮಾತ್ರ, ಅದನ್ನು ನಾನು ಕೋರ್ಟಿನ ಆವರಣದಲ್ಲಿ ನೋಡುತ್ತಲೇ ಇರುತ್ತೇನೆ. ಆದರೆ ಒಳಗಿರುವವಳ ಮುದ್ದೆಯನ್ನು ಕಿತ್ತುಕೊಂಡರೆ ಅದು ಆ ತಾಯಂದಿರ ತಟ್ಟೆಗೇನೂ ಬಂದು ಬೀಳುವುದಿಲ್ಲ.

ಇನ್ನು ಬಿರಿಯಾನಿ. ಈ ಮಾತು ಬಾರದ ಸಭೆಯೇ ಇಲ್ಲ. ಮುಂಬೈ ದಾಳಿಯ ಕಸಬ್‌ಗೆ ಜೈಲಿನಲ್ಲಿ ಮಟನ್ ಬಿರಿಯಾನಿ ಕೊಟ್ಟರು ಎಂದು ಇವತ್ತಿಗೂ ನಂಬಿರುವವರಿದ್ದಾರೆ. ಆ ಮೊಕದ್ದಮೆಯ ಸರ್ಕಾರಿ ವಕೀಲ ಉಜ್ವಲ್ ನಿಕಮ್ ಅವರೇ 2015ರಲ್ಲಿ, ಕಸಬ್ ಬಿರಿಯಾನಿ ಕೇಳಿಯೂ ಇರಲಿಲ್ಲ, ಸರ್ಕಾರ ಕೊಟ್ಟೂ ಇರಲಿಲ್ಲ, ಅವನ ಪರವಾಗಿ ಎದ್ದಿದ್ದ ಮರುಕದ ಅಲೆಯನ್ನು ತಡೆಯಲು ಅದನ್ನು ತಾವೇ ಕಟ್ಟಿದ್ದು ಎಂದು ಒಪ್ಪಿಕೊಂಡರು. ಒಪ್ಪಿಕೊಂಡ ಸುದ್ದಿ ಒಂದು ದಿನ ಓಡಿತು, ಬಿರಿಯಾನಿ ಇನ್ನೂ ಬೇಯುತ್ತಲೇ ಇದೆ. ಹಾಗೆಂದು ಜನರ ಅನುಮಾನ ಪೂರ್ತಿ ಸುಳ್ಳೂ ಅಲ್ಲ. 2024ರ ಆಗಸ್ಟ್‌ನಲ್ಲಿ ಪರಪ್ಪನ ಅಗ್ರಹಾರದೊಳಗೆ ಕುರ್ಚಿ ಹಾಕಿಕೊಂಡು, ಕೈಯಲ್ಲಿ ಮಗ್ಗು ಮತ್ತು ಸಿಗರೇಟು ಹಿಡಿದು ಕುಳಿತಿದ್ದ ನಟನ ಫೋಟೊವನ್ನು ಮೈಸೂರಿನಲ್ಲಿ ನೋಡದವರಾರು? ಆ ಕುರ್ಚಿಗೆ ದುಡ್ಡೂ ಹೆಸರೂ ಬೇಕು. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ದೇಶದ ಗಲ್ಲು ಶಿಕ್ಷೆಯ ಕೈದಿಗಳನ್ನು ಮಾತನಾಡಿಸಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ 373 ಜನರಿದ್ದರು, ಅವರಲ್ಲಿ ಹೆಂಗಸರು 12. ಇಡೀ ಗುಂಪಿನಲ್ಲಿ ನಾಲ್ಕರಲ್ಲಿ ಮೂರು ಪಾಲಿನಷ್ಟು ಮಂದಿ ಬಡವರು. ಕುರ್ಚಿ ಇವರದಲ್ಲ.

ಅದೇ ವರದಿಯ ಇನ್ನೊಂದು ಲೆಕ್ಕವನ್ನು ನಾನು ಸಭೆಗಳಲ್ಲಿ ತಪ್ಪದೆ ಹೇಳುತ್ತೇನೆ. 2000ದಿಂದ 2015ರವರೆಗೆ ಕೆಳ ನ್ಯಾಯಾಲಯಗಳು ವಿಧಿಸಿದ ಗಲ್ಲು ಶಿಕ್ಷೆಗಳಲ್ಲಿ ಮೇಲ್ಮನವಿಗಳೆಲ್ಲ ಮುಗಿದ ಮೇಲೂ ಉಳಿದುಕೊಂಡದ್ದು ನೂರಕ್ಕೆ ಐದಕ್ಕಿಂತ ಕಡಿಮೆ. ಹೆಚ್ಚಿನವು ಜೀವಾವಧಿಗೆ ಇಳಿದವು, ನೂರಕ್ಕೆ ಮೂವತ್ತರಷ್ಟು ಖುಲಾಸೆಯೇ ಆದವು. ಅಂದರೆ ‘ಹೇಗಿದ್ದರೂ ಸಾಯುವವಳು, ಅವಳಿಗೇಕೆ ಓದು ಬರಹ’ ಎನ್ನುವಾಗ ನಾವು ಯಾರ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದು ನಮಗೇ ಗೊತ್ತಿರುವುದಿಲ್ಲ.

ಗಂಡಸರ ವಿಷಯದಲ್ಲಿ ಇಷ್ಟೊಂದು ಇಣುಕು ನೋಟವಿಲ್ಲ ಎನ್ನುವುದು ನನ್ನ ತಕರಾರು. ಮೈಸೂರಿಗೆ ತೀರಾ ಹತ್ತಿರದ ಗಲ್ಲಿನ ಕಥೆಯೆಂದರೆ ವೀರಪ್ಪನ್‌ನ ನಾಲ್ವರು ಸಹಚರರದು. 1993ರ ಪಾಲಾರ್ ಸ್ಫೋಟದಲ್ಲಿ 22 ಜನ ಸತ್ತರು. ಇಲ್ಲಿನ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ನ್ಯಾಯಾಲಯ 2001ರಲ್ಲಿ ಜೀವಾವಧಿ ವಿಧಿಸಿತು, 2004ರಲ್ಲಿ ಸುಪ್ರೀಂ ಕೋರ್ಟ್ ತಾನಾಗಿಯೇ ಅದನ್ನು ಗಲ್ಲಿಗೆ ಏರಿಸಿತು, 2014ರಲ್ಲಿ ವಿಳಂಬದ ಕಾರಣಕ್ಕೆ ಮತ್ತೆ ಜೀವಾವಧಿಗೆ ಇಳಿಸಿತು. ನಡುವಿನ ಹತ್ತು ವರ್ಷಗಳಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ತಲೆ ಬಾಚಿಕೊಳ್ಳುತ್ತಿದ್ದರೇ ಎಂದು ಯಾರೂ ನನ್ನನ್ನು ಕೇಳಿಲ್ಲ. ಗಲ್ಲಿಗೇರಿಸಬೇಕು, ಬೇಡ ಎಂದು ಜಗಳವಾಡಿದರು, ಅಷ್ಟೇ. ಅಷ್ಟಕ್ಕೂ ರಂಗಾಯಣದ ಹುಲುಗಪ್ಪ ಕಟ್ಟಿಮನಿಯವರು ಜೈಲಿನ ಕೈದಿಗಳಿಂದ ನಾಟಕ ಆಡಿಸಿದಾಗ ಎದ್ದು ಚಪ್ಪಾಳೆ ತಟ್ಟಿದ ಊರು ಇದು. ಕೊಲೆ ಮಾಡಿದವನೂ ಬಣ್ಣ ಹಚ್ಚಿದರೆ ಬೇರೆಯವನಾಗಬಲ್ಲ ಎಂದು ನಂಬುವಷ್ಟು ಉದಾರಿಗಳು ನಾವು.

ಹೆಂಗಸಾದರೆ ಲೆಕ್ಕ ಬದಲಾಗುತ್ತದೆ. ಅವಳು ಕಾನೂನು ಮುರಿದದ್ದಕ್ಕಿಂತ ಹೆಣ್ಣಾಗಿ ಹೀಗೆ ಮಾಡಿದಳಲ್ಲ ಎಂಬುದೇ ದೊಡ್ಡದಾಗುತ್ತದೆ. ದೇವಸ್ಥಾನಗಳಿಗೆ ಬರುವ ಹೆಂಗಸರ ವಿಶ್ವಾಸ ಗಳಿಸಿ ಸಯನೈಡ್ ಕೊಟ್ಟು ಕೊಂದ ಕೆಂಪಮ್ಮನನ್ನು ನಾವು ಆ ಹೆಸರಿನಿಂದ ಕರೆಯುವುದೇ ಇಲ್ಲ, ಸಿನಿಮಾ ಹೆಸರಿನಂತೆ ‘ಸಯನೈಡ್ ಮಲ್ಲಿಕಾ’ ಎನ್ನುತ್ತೇವೆ. ಅವಳ ಗಲ್ಲು ಶಿಕ್ಷೆ ಜೀವಾವಧಿಗೆ ಇಳಿದದ್ದು ಹೆಚ್ಚಿನವರಿಗೆ ಗೊತ್ತೇ ಇಲ್ಲ. 2017ರಲ್ಲಿ ತಮಿಳುನಾಡಿನ ಶಶಿಕಲಾ ಪರಪ್ಪನ ಅಗ್ರಹಾರಕ್ಕೆ ಬಂದಾಗ ಅಲ್ಲಿ ಮಲ್ಲಿಕಾ ಇದ್ದಾಳೆಂದು ಟಿವಿಗಳು ಕುಣಿದಾಡಿದ್ದು ಮಾತ್ರ ಎಲ್ಲರಿಗೂ ನೆನಪಿದೆ.

ಶಬ್ನಮ್ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಉತ್ತರ ಪ್ರದೇಶದ ಅಮ್ರೋಹಾದ ಈ ಶಿಕ್ಷಕಿ 2008ರಲ್ಲಿ ಪ್ರಿಯಕರನೊಂದಿಗೆ ಸೇರಿ ತನ್ನ ಮನೆಯ ಏಳು ಜನರನ್ನು ಕೊಂದಳು, ಅವರಲ್ಲಿ ಒಂದು ಹಸುಗೂಸೂ ಇತ್ತು. ನನಗೆ ಅವಳ ಮೇಲೆ ಮರುಕವಿಲ್ಲ. ಬಂಧನವಾದಾಗ ಗರ್ಭಿಣಿಯಾಗಿದ್ದಳು. ಗರ್ಭಿಣಿಗೆ ವಿಧಿಸಿದ ಗಲ್ಲು ಶಿಕ್ಷೆಯನ್ನು ಹೈಕೋರ್ಟ್ ಜೀವಾವಧಿಗೆ ಇಳಿಸಲೇಬೇಕೆಂದು ನಮ್ಮ ದಂಡ ಪ್ರಕ್ರಿಯೆಯ ಕಾನೂನು ಹೇಳುತ್ತದೆ. ಆದರೆ 2010ರಲ್ಲಿ ತೀರ್ಪು ಬರುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು, ಹಾಗಾಗಿ ಆ ರಕ್ಷಣೆ ಸಿಗಲಿಲ್ಲ. ಮಗ ಜೈಲಿನಲ್ಲೇ ಬೆಳೆದ. ತಾಯಿಯೊಂದಿಗೆ ಮಕ್ಕಳು ಜೈಲಿನಲ್ಲಿರಬಹುದಾದದ್ದು ಆರು ವರ್ಷದವರೆಗೆ. 2015ರಲ್ಲಿ ಅವನನ್ನು ಸಾಕುವವರ ಕೈಗೆ ಒಪ್ಪಿಸಿದರು. ಅಷ್ಟೂ ವರ್ಷ ಆ ಹೆಂಗಸಿನ ದಿನಚರಿ ಮಗುವಿನ ಊಟ, ಸ್ನಾನ, ನಿದ್ದೆ ಇವುಗಳ ಸುತ್ತಲೇ ಇದ್ದಿರಬೇಕು, ಮಗುವಿರುವ ಯಾವ ಹೆಂಗಸಿನ ದಿನಚರಿಯಾದರೂ ಹಾಗೆಯೇ. ಇದನ್ನು ಹೇಳಿದರೆ ಸಭೆಗೆ ಇರಿಸುಮುರಿಸಾಗುತ್ತದೆ. ಏಳು ಜನರನ್ನು ಕೊಂದ ಕೈಯೇ ಮಗುವಿಗೆ ತುತ್ತು ಕೊಟ್ಟಿತೆಂದರೆ ಯಾವ ಮುಖ ಮಾಡಬೇಕೆಂದು ಯಾರಿಗೂ ತೋಚುವುದಿಲ್ಲ.

2021ರಲ್ಲಿ ಅವಳನ್ನು ಮಥುರಾ ಜೈಲಿನ ಗಲ್ಲುಗಂಬಕ್ಕೆ ಒಯ್ಯುತ್ತಾರೆಂಬ ಸುದ್ದಿ ಹಬ್ಬಿತು. ಹಗ್ಗ ಎಲ್ಲಿಂದ ತರಿಸುತ್ತಾರೆ, ಗಲ್ಲಿಗೇರಿಸುವವನು ಬಂದು ಜಾಗ ನೋಡಿಕೊಂಡು ಹೋದನೇ ಎಂದು ದಿನಗಟ್ಟಲೆ ತೋರಿಸಿದರು. ಅದೇ ಹೊತ್ತಿಗೆ ರಾಂಪುರ ಜೈಲಿನಲ್ಲಿ ತೆಗೆದ ಅವಳ ಫೋಟೊಗಳು ಹೊರಬಿದ್ದವು, ಸಿಬ್ಬಂದಿ ಅಮಾನತಾದರು, ಅವಳನ್ನು ಬರೇಲಿ ಜೈಲಿಗೆ ಸಾಗಿಸಿದರು. ಆ ಫೋಟೊ ನನ್ನ ಮೊಬೈಲಿಗೂ ಬಂತು. ಕಳಿಸಿದವರು ಒಂದೇ ಸಾಲು ಬರೆದಿದ್ದರು: ‘ನೋಡಿ ಮೇಡಂ, ಎಷ್ಟು ಆರಾಮಾಗಿದ್ದಾಳೆ.’ ಅಳುವ ಫೋಟೊ ಬಂದಿದ್ದರೆ ‘ನಾಟಕ’ ಎನ್ನುತ್ತಿದ್ದರು. ಜನ ಕೇಳುವುದು ಅವಳ ದಿನಚರಿಯನ್ನಲ್ಲ, ಪಶ್ಚಾತ್ತಾಪದ ಪ್ರದರ್ಶನವನ್ನು. ಅದನ್ನು ಎಷ್ಟು ಚೆನ್ನಾಗಿ ಮಾಡಿದರೂ ಪಾಸು ಮಾಡುವ ಉದ್ದೇಶ ಯಾರಿಗೂ ಇಲ್ಲ.

ಇದು ನಮ್ಮ ದೇಶದ ರೋಗ ಮಾತ್ರವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ 1998ರಲ್ಲಿ ಮರಣದಂಡನೆಗೆ ಗುರಿಯಾದ ಕಾರ್ಲಾ ಫೇ ಟಕರ್ ಜೈಲಿನಲ್ಲಿ ದೈವಭಕ್ತೆಯಾಗಿದ್ದಳು. ಟಿವಿಯಲ್ಲಿ ನಗುನಗುತ್ತಾ ಮಾತನಾಡಿ ಜನರ ಮನಸ್ಸು ಗೆದ್ದಳು, ಪೋಪ್ ಸಹ ಅವಳ ಪ್ರಾಣ ಉಳಿಸಿ ಎಂದು ಕೇಳಿದರು. ಆದರೂ ಶಿಕ್ಷೆ ಜಾರಿಯಾಯಿತು. ಅದೇ ದೇಶದ ಟೆನೆಸ್ಸಿಯಲ್ಲಿ ಮರಣದಂಡನೆಯ ಹೆಂಗಸು ಒಬ್ಬಳೇ, ಕ್ರಿಸ್ಟಾ ಪೈಕ್. ಗಂಡಸರು ಹಲವರಿದ್ದುದರಿಂದ ಒಟ್ಟಿಗೆ ಊಟ, ಕೆಲಸ, ಮಾತುಕತೆ ಅವರಿಗೆ ಸಾಧ್ಯವಿತ್ತು. ಇವಳು ಒಬ್ಬಳೇ ಆದದ್ದರಿಂದಲೇ ವರ್ಷಗಟ್ಟಲೆ ಏಕಾಂತದಲ್ಲಿ ಉಳಿದಳು. ಮೊಕದ್ದಮೆ ಹೂಡಿ, 2024ರಲ್ಲಿ ರಾಜಿಯಾದ ಮೇಲಷ್ಟೇ ಅದು ಸಡಿಲವಾಯಿತು. ಹೆಂಗಸರ ಸಂಖ್ಯೆ ಕಡಿಮೆ ಎನ್ನುವುದೇ ಅವರಿಗೆ ಬೇರೊಂದು ಶಿಕ್ಷೆಯಾಗುವುದು ಹೀಗೆ.

ಸಭೆಯನ್ನು ನಿಜವಾಗಿ ಕಟ್ಟಿಹಾಕುವುದು ನಿಮಿಷಾ ಪ್ರಿಯಾ ಹೆಸರು. ಯೆಮನ್‌ನಲ್ಲಿ ಕೊಲೆ ಆರೋಪ ಸಾಬೀತಾಗಿ ಮರಣದಂಡನೆಗೊಳಗಾದ ಕೇರಳದ ನರ್ಸ್. 2025ರ ಜುಲೈ 16ಕ್ಕೆ ದಿನ ನಿಗದಿಯಾಗಿ, ಮುಂದೂಡಲ್ಪಟ್ಟಾಗ ಇಲ್ಲಿ ನಿಟ್ಟುಸಿರು ಬಿಟ್ಟವರು ಎಷ್ಟೋ ಮಂದಿ. ‘ಪಾಪ, ಮಗಳಿದ್ದಾಳೆ, ತಾಯಿ ಅಲ್ಲಿಯೇ ಹೋಗಿ ಕಾಯುತ್ತಿದ್ದಾಳೆ’ ಎಂದು ಮರುಗಿದವರೇ ಶಬ್ನಮ್ ಎಂದೊಡನೆ ಹಗ್ಗದ ಮಾತೆತ್ತುತ್ತಾರೆ. ಎರಡೂ ಪ್ರಕರಣ ಒಂದೇ ಎಂದು ನಾನು ಹೇಳುತ್ತಿಲ್ಲ, ಖಂಡಿತ ಒಂದೇ ಅಲ್ಲ. ಆದರೆ ಸನಾದ ಜೈಲಿನಲ್ಲಿ ನಿಮಿಷಾಗೆ ಏನು ಊಟ ಕೊಡುತ್ತಾರೆ, ಯೆಮನ್‌ನವರ ತೆರಿಗೆ ದುಡ್ಡು ಎಷ್ಟು ಖರ್ಚಾಗಿದೆ ಎಂದು ನನ್ನನ್ನು ಈವರೆಗೆ ಒಬ್ಬರೂ ಕೇಳಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ‘ಕತ್ತಲೆ ಕೋಣೆಗೆ ಹಾಕಬೇಕು ಬಿಡಿ’ ಎನ್ನುವವರು ಇರುತ್ತಾರೆ. ಅವರಿಗೆ ನಾನು ಮಾನವೀಯತೆಯ ಪಾಠ ಹೇಳುವುದನ್ನು ಬಿಟ್ಟು ಕಾನೂನನ್ನೇ ಹೇಳುತ್ತೇನೆ. 1978ರ ಸುನಿಲ್ ಬಾತ್ರಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೇಲ್ಮನವಿ ಮತ್ತು ಕ್ಷಮಾದಾನದ ದಾರಿಗಳೆಲ್ಲ ಮುಚ್ಚುವವರೆಗೆ ಕೈದಿಯನ್ನು ಗಲ್ಲಿನ ಕೈದಿಯೆಂದು ಪ್ರತ್ಯೇಕವಾಗಿ ಕೂಡಿಹಾಕುವಂತಿಲ್ಲ ಎಂದಿತು. ಅತ್ಯಾಚಾರ, ಕೊಲೆಯ ಅಪರಾಧಿ ಉಮೇಶ್ ರೆಡ್ಡಿಯ ಬೆಂಗಳೂರಿನ ಪ್ರಕರಣ ಎಲ್ಲರಿಗೂ ಗೊತ್ತಿರುವುದೇ. ಅವನನ್ನು ಹಿಂಡಲಗಾದಲ್ಲಿ ಸುಮಾರು ಹತ್ತು ವರ್ಷ ಕಾನೂನುಬಾಹಿರವಾಗಿ ಏಕಾಂತದಲ್ಲಿಟ್ಟಿದ್ದರೆಂಬ ಕಾರಣಕ್ಕೆ 2022ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅವನ ಗಲ್ಲು ಶಿಕ್ಷೆಯನ್ನು ಇಳಿಸಿತು. ಅವನ ಕೊರಳನ್ನು ಉಳಿಸಿದ್ದು ಅದೇ ಕತ್ತಲೆ ಕೋಣೆ.

ಪಾಂಡವಪುರದ ಆಕೆಗೆ, ಹೂವಿನ ವಿಷಯ ಜೈಲಿನ ಅಧಿಕಾರಿಗಳಿಗೆ ಬಿಟ್ಟದ್ದು, ಆದರೆ ತಂದುಕೊಡುವವರು ಇರಬೇಕಲ್ಲಮ್ಮ ಎಂದೆ. ಗಂಡಸು ಜೈಲಿಗೆ ಹೋದರೆ ಹೆಂಡತಿಯೋ ತಾಯಿಯೋ ಬುತ್ತಿ ಕಟ್ಟಿಕೊಂಡು ಸಂದರ್ಶನದ ಸಾಲಿನಲ್ಲಿ ನಿಂತಿರುತ್ತಾರೆ. ಹೆಂಗಸು ಹೋದರೆ ತವರೂ ಗಂಡನ ಮನೆಯೂ ಒಟ್ಟಿಗೆ ಬಾಗಿಲು ಹಾಕುತ್ತವೆ. ಸಣ್ಣ ಕಳ್ಳತನದ ಆರೋಪದವಳಿಗೇ ಹೀಗಾದರೆ ಗಲ್ಲು ಶಿಕ್ಷೆಯವಳ ಮಾತು ಹೇಳುವುದೇ ಬೇಡ. ಆಕೆ ಸ್ವಲ್ಪ ಹೊತ್ತು ಯೋಚಿಸಿ, ‘ನನ್ನ ಮಗಳೇ ಆಗಿದ್ದರೂ ನಾನು ಹೋಗುತ್ತಿರಲಿಲ್ಲ’ ಎಂದರು. ಪಕ್ಕದವರು ‘ಹೋಗುತ್ತಿದ್ದೆ ಬಿಡು’ ಎಂದರು. ಅವರಿಬ್ಬರ ವಾದ ಮುಗಿಯುವ ಮೊದಲೇ ಮೈಸೂರಿನ ಬಸ್ಸಿಗೆ ಹೊತ್ತಾಯಿತು.