ಕಾರ್ಡಿನಲ್ಲಿ ಜಾಗ ಸಾಲದ ಮಾತು

ಹೋದ ಮಾರ್ಚಿನ ಒಂದು ಭಾನುವಾರ ಚಿತ್ರದುರ್ಗದಲ್ಲಿ ನನ್ನದೊಂದು ಉಪನ್ಯಾಸವಿತ್ತು. ಸಾಹಿತ್ಯದಲ್ಲಿ ವಲಸೆ ಮತ್ತು ನೆಲೆ ಅನ್ನುವ ವಿಷಯ. ದಾವಣಗೆರೆಯಿಂದ ಹೊರಡುವಾಗ ಅವ್ವನೂ ಬ್ಯಾಗು ಹಿಡಿದು ನಿಂತಳು. ನಾಯಕನಹಟ್ಟಿ ತಿಪ್ಪೇಸ್ವಾಮಿ ತೇರಿಗೆ ಎರಡೇ ದಿನ ಉಳಿದಿತ್ತು. "ನಿನ್ ಭಾಷಣ ಮುಗಿಯೋ ತನಕ ಒಂದ್ ಮೂಲೇಲಿ ಕುಂತಿರ್ತೀನಿ, ಆಮೇಲೆ ಇಬ್ರೂ ಹಟ್ಟಿಗೆ ಹೋಗಾನ" ಅಂದಳು. ಹದಿನಾಲ್ಕು ವರ್ಷದಿಂದ ನನ್ನ ಜೊತೆ ದಾವಣಗೆರೆಯಲ್ಲಿದ್ದರೂ ಅವಳ ವರ್ಷ ನಡೆಯುವುದು ಇವತ್ತಿಗೂ ದೀಪಾವಳಿ, ಹಟ್ಟಿ ತೇರು, ಯುಗಾದಿ ಅನ್ನುವ ಲೆಕ್ಕದಲ್ಲೇ.

ನಮ್ಮೂರು ಚಳ್ಳಕೆರೆ ತಾಲ್ಲೂಕಿನದು. ಶೇಂಗಾ ಕಿತ್ತು ಮುಗಿಸಿದರೆ ಹೊಲದಲ್ಲಿ ಮತ್ತೆ ಕೆಲಸವಿಲ್ಲ. ದೀಪಾವಳಿಯಾದ ವಾರಕ್ಕೆ ಮೇಸ್ತ್ರಿ ಲಾರಿ ತರುತ್ತಿದ್ದ. ಮುಂಗಡ ಇಸಕೊಂಡವರೆಲ್ಲ ಪಾತ್ರೆ, ಕಂಬಳಿ ಮೂಟೆ ಕಟ್ಟಿ ಹತ್ತಬೇಕು. ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಹಣ್ಣು ಕುಯ್ಯುವ ಕಾಲ ಅದು. ಹೋದವರು ತೇರಿನ ಹೊತ್ತಿಗೆ ವಾಪಸು ಬರುತ್ತಿದ್ದರು. ಇದನ್ನು ನಮ್ಮಲ್ಲಿ ಯಾರೂ ವಲಸೆ ಅನ್ನುವುದಿಲ್ಲ, ಗುಳೆ ಅಂತಾರೆ. ಆ ಮಾತು ಕಿವಿಗೆ ಬಿದ್ದರೆ ಸಾಕು, ಲಾರಿ ಎಬ್ಬಿಸಿದ ದೂಳು, ಬಾಗಿಲಲ್ಲಿ ನಿಂತ ಮುದುಕಿ ಕಣ್ಣೆದುರು ಬಂದುಬಿಡುತ್ತಾರೆ. ಆ ಮುದುಕಿಯ ಸೆರಗು ಹಿಡಿದು ನಿಂತ ಹುಡುಗ ನಾನು.

ಉಪನ್ಯಾಸವನ್ನು ದುರ್ಗದಿಂದಲೇ ಶುರು ಮಾಡಿದೆ. 1779ರಲ್ಲಿ ಕೋಟೆ ಹೈದರಾಲಿಯ ಕೈವಶವಾದ ಮೇಲೆ ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಒಯ್ದದ್ದು, ಅವನ ಹಿಂದೆ ಸಾವಿರಾರು ಬೇಡರನ್ನು ಊರು ಬಿಡಿಸಿ ಸಾಗಿಸಿದ್ದು. ತರಾಸು ಅವರ 'ದುರ್ಗಾಸ್ತಮಾನ' ಓದಿದ ಊರಿನಲ್ಲಿ ಇದನ್ನು ಹೆಚ್ಚು ವಿವರಿಸಬೇಕಾಗಲಿಲ್ಲ. ಆಮೇಲೆ ಚಿತ್ತಾಲರ 'ಶಿಕಾರಿ'ಯ ನಾಗಪ್ಪ, ಮುಂಬಯಿಯಲ್ಲಿ ಅವನು ಒಬ್ಬಂಟಿಯಾಗುವ ಬಗೆ. ನಾನು ಹೆಚ್ಚು ಹೊತ್ತು ನಿಂತದ್ದು ಕಾರಂತರ 'ಮರಳಿ ಮಣ್ಣಿಗೆ'ಯಲ್ಲಿ. 1941ರ ಕಾದಂಬರಿ, ಮೂರು ತಲೆಮಾರಿನ ಕಥೆ. ರಾಮ ಮದ್ರಾಸು, ಮುಂಬಯಿ ಕಂಡು ಕಡಲತಡಿಯ ಕೋಡಿಗೆ ಮರಳುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಮರಳಲು ಅವನಿಗೊಂದು ಮಣ್ಣು ಉಳಿದದ್ದಾದರೂ ಹೇಗೆ? ಪಾರೋತಿ, ಸರಸೋತಿ, ಆಮೇಲೆ ನಾಗವೇಣಿ, ಈ ಹೆಂಗಸರು ಅಲ್ಲೇ ಬೆನ್ನು ಬಗ್ಗಿಸಿ ದುಡಿದದ್ದರಿಂದ. ಹೊರಟವರ ಹಿಂದೆ ಹೋಗುವ ಪುಸ್ತಕಗಳು ಬೇಕಾದಷ್ಟಿವೆ. ಉಳಿದವರ ಜೊತೆ ಕೂತು ಕಾಯುವ ಪುಸ್ತಕ ಇದು, ಅದಕ್ಕೇ ನನಗೆ ಎಲ್ಲಕ್ಕಿಂತ ದೊಡ್ಡದು.

ಕೊನೆಗೆ ಜುಂಪಾ ಲಾಹಿರಿಯವರ 'ದಿ ನೇಮ್‌ಸೇಕ್' ಬಗ್ಗೆ ಹೇಳಿದೆ. 2003ರಲ್ಲಿ ಬಂದ ಕಾದಂಬರಿ. ಅಮೆರಿಕಕ್ಕೆ ಹೋದ ಬಂಗಾಳಿ ದಂಪತಿಗೆ ಮಗು ಹುಟ್ಟುತ್ತದೆ. ಅದಕ್ಕೆ ಹೆಸರಿಡಬೇಕಾದವಳು ಕಲ್ಕತ್ತೆಯಲ್ಲಿರುವ ಮುತ್ತಜ್ಜಿ. ಅವಳು ಹೆಸರು ಬರೆದು ಅಂಚೆಗೆ ಹಾಕುತ್ತಾಳೆ, ಕಾಗದ ತಲುಪುವುದೇ ಇಲ್ಲ. ಮಗುವಿಗೆ ಗೊಗೋಲ್ ಅನ್ನುವ ಹೆಸರೇ ನಿಲ್ಲುತ್ತದೆ.

ಕಾರ್ಯಕ್ರಮ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದೆವು. ಹಟ್ಟಿ ಕಡೆಯ ಬಸ್ಸಿಗೆ ಭಾರಿ ಜನ. ತೇರಿಗೆ ಸುಡಲು ಹರಕೆ ಹೊತ್ತ ಕೊಬ್ಬರಿಯನ್ನು ಚೀಲಗಟ್ಟಲೆ ತಂದಿದ್ದರು. ತೋಟದಿಂದ ಬಂದವರನ್ನು ಅವ್ವ ದೂರದಿಂದಲೇ ಗುರುತಿಸಿದಳು. ಕಾಫಿ ಹಣ್ಣಿನ ಅಂಟು ಕೂತು ಕಪ್ಪಾದ ಬೆರಳು ತಿಂಗಳಾದರೂ ತಿಳಿಯಾಗುವುದಿಲ್ಲವಂತೆ. ಹೇಗೋ ಇಬ್ಬರಿಗೂ ಸೀಟು ಸಿಕ್ಕಿತು.

ಬಸ್ಸು ಊರು ದಾಟಿದ ಮೇಲೆ ಅವ್ವ ಕೇಳಿದಳು. "ಆ ಅಜ್ಜಿ ಬರ್ದಿದ್ ಕಾಗ್ದ ಕೊನೆಗಾದ್ರೂ ಸಿಕ್ತೇನಪ್ಪ?"

"ಇಲ್ಲವ್ವ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನನಗೆ ನಮ್ಮ ಮನೆಗೆ ಬರುತ್ತಿದ್ದ 15 ಪೈಸೆಯ ಕಾರ್ಡು ನೆನಪಾಯಿತು. ಮೂರನೇ ಕ್ಲಾಸಿನಲ್ಲಿದ್ದೆ. ಕಾರ್ಡು ಬಂದರೆ ಅಜ್ಜಿ ಕೈ ಒರೆಸಿಕೊಂಡು ಕೂರುವಳು, ನಾನು ಓದಬೇಕು. ಪ್ರತಿ ಸಲವೂ ಅದೇ ಮೂರು ಸಾಲು. ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ, ತೇರಿಗೆ ಬರುತ್ತೇವೆ. ಒಂದು ಸಲ ಅಷ್ಟೇ ಓದಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ಬರುವ ಸೋಮವಾರವೇ ಬರ್ತಾರಂತೆ ಎಂದು ಕಾರ್ಡು ನೋಡುತ್ತಲೇ ಓದಿಬಿಟ್ಟೆ. ಅಜ್ಜಿ ಸೋಮವಾರ ಅನ್ನ, ಹುರುಳಿಕಾಳಿನ ಸಾರು ಮಾಡಿಟ್ಟು, ಸಂಜೆ ಕೊನೆಯ ಬಸ್ಸು ಹೋಗುವ ತನಕ ರಸ್ತೆಯ ಬೇವಿನ ಮರದ ಕೆಳಗೆ ಕೂತಿದ್ದಳು. ಪಕ್ಕದಲ್ಲಿ ನಾನೂ ಕೂತಿದ್ದೆ. ಬರುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಬಸ್ಸಿಗೂ ಎದ್ದು ನಿಲ್ಲುತ್ತಿದ್ದೆ.

ಇದನ್ನು ಅವ್ವನಿಗೆ ಯಾವತ್ತೂ ಹೇಳಿರಲಿಲ್ಲ. ಅವತ್ತು ಬಸ್ಸಿನಲ್ಲಿ ಹೇಳಿದೆ. ಬೈಯಲಿಲ್ಲ, ನಗಲೂ ಇಲ್ಲ.

"ನಾನ್ ಬರೆಸಿದ್ದು ಮೂರ್ ಸಾಲಲ್ಲ ಕಣಪ್ಪ" ಅಂದಳು.

ತೋಟದಲ್ಲಿ ರೈಟ್ರು ಅಂತ ಒಬ್ಬರಿರುತ್ತಾರೆ. ಸಂಜೆ ಹಣ್ಣು ತೂಗಿ, ಪುಸ್ತಕದಲ್ಲಿ ಹೆಸರಿನ ಮುಂದೆ ಕೆಜಿ ಬರೆಯುವವರು. ಕೂಲಿಯವರ ಕಾಗದ ಬರೆದುಕೊಡುವುದೂ ಅವರದೇ ಕೆಲಸ. ಓದು ಬಾರದ ಅವ್ವನ ಹೆಸರು ಆ ಕಾಲದಲ್ಲಿ ಅಕ್ಷರವಾಗಿ ಕೂತದ್ದು ಆ ಪುಸ್ತಕದಲ್ಲಿ, ಪಕ್ಕದಲ್ಲೊಂದು ತೂಕದೊಡನೆ. ವಲಸೆಯ ಬಗ್ಗೆ ಇಷ್ಟು ವರ್ಷ ಪಾಠ ಮಾಡಿದ್ದೇನೆ, ಆ ಪುಸ್ತಕವನ್ನು ನೆನೆದಿರಲಿಲ್ಲ. ಭಾನುವಾರ ಕೂಲಿ ಬಟವಾಡೆ ಮಾಡಿದ ಮೇಲೆ ಕೂಲಿಯವರು ಇರುವ ಲೈನ್ ಮನೆಯ ಮುಂದೆ ಸಾಲು ನಿಲ್ಲಬೇಕಿತ್ತಂತೆ. ಅವ್ವ ಒಂದೊಂದೇ ಹೇಳುತ್ತಾ ಹೋದರೆ ರೈಟ್ರು, "ಕಾರ್ಡಲ್ಲಿ ಜಾಗ ಇಲ್ಲಮ್ಮ, ಹಿಂದೆ ಇನ್ನೂ ಇಪ್ಪತ್ತು ಜನ ಅವ್ರೆ" ಅನ್ನುತ್ತಿದ್ದರಂತೆ.

"ಏನ್ ಬರೆಸ್ತಿದ್ದೆ?"

ಅವ್ವ ಕಿಟಕಿಯ ಕಡೆ ತಿರುಗಿದಳು. ಯೋಚಿಸಬೇಕಾಗಲಿಲ್ಲ ಅವಳಿಗೆ, ಬಾಯಿಪಾಠದ ಹಾಗೆ ಬಂತು. "ಅತ್ತೆ, ಕರಿ ಮರೀನ ಮಾರಬ್ಯಾಡ, ಹುಡುಗ ಅದನ್ ಬಿಟ್ಟಿರಲ್ಲ. ಇಸ್ಕೂಲ್ ಬಿಟ್ಟು ದನ ಕಾಯಕ್ ಕಳಿಸಬ್ಯಾಡ. ಅವನಿಗೆ ಚಳಿ ಆದ್ರೆ ನನ್ ಹಸಿರು ಸೀರೆ ಎರಡ್ ಮಡಿಕೆ ಮಾಡಿ ಹೊದ್ಸು, ಟ್ರಂಕಿನ ತಳದಾಗೈತೆ. ನನ್ ವಾಸ್ನೆ ಇರ್ತದೆ, ನಿದ್ದೆ ಮಾಡ್ತಾನೆ."

ಆ ವರ್ಷ ಕರಿ ಮರಿ ಸಂಕ್ರಾಂತಿಗೆ ಮುಂಚೆಯೇ ಮಾರಾಟವಾಗಿತ್ತು. ನಾನು ಅದನ್ನು ಹೇಳಲಿಲ್ಲ.

"ತೇರಿಗ್ ಬಂದವಳೇ ಮೊದಲು ಟ್ರಂಕ್ ತೆಗೆದು ನೋಡಿದೆ" ಅಂದಳು ಅವ್ವ. "ಸೀರೆ ಮಡಿಚಿದ್ದು ಮಡಿಚಿದಂಗೇ ಇತ್ತು."