ಬೋರ್ಡ್ ಎತ್ತಿದಾಗ ಏರಿದ ವೋಲ್ಟೇಜ್

ಆವತ್ತು ರಿಜೆಕ್ಟ್ ಟ್ರೇಯಲ್ಲಿ ಆರು ಸರ್ಕ್ಯೂಟ್ ಬೋರ್ಡ್ ಸತ್ತು ಬಿದ್ದಿದ್ದವು. ಆರೂ ನನ್ನ ಕೈಯಿಂದಲೇ ಹೋದವು ಅಂತ ಗೊತ್ತಾಗೋಕೆ ಮುಕ್ಕಾಲು ಗಂಟೆ ಹಿಡಿಯಿತು. ನೆನೆದರೆ ಈಗಲೂ ಹೊಟ್ಟೆ ಕಿವುಚಿದ ಹಾಗಾಗುತ್ತದೆ.

ನಮ್ಮ ಟೆಸ್ಟ್ ಜಿಗ್‌ಗೆ, ಅಂದರೆ ಬೋರ್ಡ್ ಕೂರಿಸಿ ಪರೀಕ್ಷಿಸುವ ಚೌಕಟ್ಟಿಗೆ, 5 ವೋಲ್ಟ್ ಕೊಡುವುದು ಒಂದು ಎಲ್ಎಂ317. ಎರಡು ರೆಸಿಸ್ಟರ್‌ಗಳಿಂದ ಔಟ್‌ಪುಟ್ ಹೊಂದಿಸುವ ವೋಲ್ಟೇಜ್ ರೆಗ್ಯುಲೇಟರ್ ಅದು. ಇನ್‌ಪುಟ್ 12 ವೋಲ್ಟ್, ಮೊದಲ ರೆಸಿಸ್ಟರ್ ಆರ್1 240 ಓಮ್, ಎರಡನೆಯದಾದ ಆರ್2 ಜಾಗದಲ್ಲಿ 5 ಕೆ (5000 ಓಮ್) ಪಾಟ್, ಅಂದರೆ ನಾಬ್ ತಿರುಗಿಸಿ ಬದಲಿಸುವ ರೆಸಿಸ್ಟರ್. ನಾಬ್ ತಿರುಗಿಸಿದರೆ 1.25ರಿಂದ ಸುಮಾರು 10 ವೋಲ್ಟ್ ತನಕ ಹೋಗುತ್ತದೆ. ಬೋರ್ಡ್ ಮೇಲಿನ ಮೈಕ್ರೋಕಂಟ್ರೋಲರ್‌ಗೆ 5.5 ದಾಟಲೇಬಾರದು. ಯಾರದೋ ಮೊಣಕೈ ನಾಬ್‌ಗೆ ತಾಗಿದರೆ ಮುಗಿಯಿತು. ಅದಕ್ಕೇ ರೇಂಜ್ ಕಿರಿದು ಮಾಡಿಕೊಡು ಅಂದರು.

ಲೆಕ್ಕ ಸುಲಭ. ಆರ್2ನ್ನು ಆರ್1ರಿಂದ ಭಾಗಿಸಿ, ಒಂದು ಕೂಡಿಸಿ, 1.25ರಿಂದ ಗುಣಿಸಿದರೆ ಔಟ್‌ಪುಟ್. 620 ಓಮ್ ಫಿಕ್ಸೆಡ್ ರೆಸಿಸ್ಟರ್, ಅದರ ಜೊತೆ ಸೀರೀಸ್‌ನಲ್ಲಿ 200 ಓಮ್ ಟ್ರಿಮ್‌ಪಾಟ್ (ಸ್ಕ್ರೂಡ್ರೈವರ್‌ನಿಂದ ತಿರುಗಿಸುವ ಚಿಕ್ಕ ಪಾಟ್) ಹಾಕಿದರೆ 4.48ರಿಂದ 5.52. ಆದರೆ 200 ಓಮ್ ಟ್ರಿಮ್‌ಪಾಟ್ ಸ್ಟೋರ್‌ನಲ್ಲಿ ಇರಲಿಲ್ಲ. ಇಂಡೆಂಟ್ ಹಾಕಿ, ಸಹಿ ಮಾಡಿಸಿ ಕಾಯಬೇಕು. ಡ್ರಾಯರ್‌ನಲ್ಲಿ 2 ಕೆ ಟ್ರಿಮ್‌ಪಾಟ್ ಇತ್ತು. ಎಲ್ಲವನ್ನೂ ಹತ್ತರಿಂದ ಗುಣಿಸಿದೆ. ಆರ್1 2.4 ಕೆ, ಫಿಕ್ಸೆಡ್ 6.2 ಕೆ, ಟ್ರಿಮ್‌ಪಾಟ್ 2 ಕೆ. ಅನುಪಾತ ಅದೇ ಅಲ್ವಾ, ಔಟ್‌ಪುಟ್ ಕೂಡ ಅದೇ ಇರುತ್ತದೆ ಅಂದುಕೊಂಡೆ.

ಎಡವಟ್ಟಾಗಿದೆ ಅಂತ ಸರ್ಕ್ಯೂಟ್ ಆಗಲೇ ಹೇಳಿತ್ತು. ಜಿಗ್ ಮೇಲೆ ಬೋರ್ಡ್ ಕೂರಿಸಿ ಟ್ರಿಮ್‌ಪಾಟ್ ಪೂರ್ತಿ ಇಳಿಸಿದಾಗ ಲೆಕ್ಕದಂತೆ 4.48 ಬರಬೇಕು. ಮೀಟರ್ ತೋರಿಸಿದ್ದು 4.79. ಟಾಲರೆನ್ಸ್ ಇರಬೇಕು ಅಂತ ಸುಮ್ಮನಾದೆ. ಹಾಕಿದ್ದು ಒಂದು ಪರ್ಸೆಂಟ್ ರೆಸಿಸ್ಟರ್, ಅದರಿಂದ ಅಷ್ಟು ವ್ಯತ್ಯಾಸ ಬರುವುದಿಲ್ಲ. ಎಲ್ಎಂ317ರ ಅಡ್ಜಸ್ಟ್ ಪಿನ್‌ನಿಂದ (ಆರ್1, ಆರ್2 ಸೇರುವ ಜಾಗಕ್ಕೆ ಕೂಡಿದ ಪಿನ್) ಬರುವ 50 ಮೈಕ್ರೋಆಂಪ್ 6.2 ಕೆ ಮೂಲಕ ಹರಿದರೆ 0.31 ವೋಲ್ಟ್. ಹೆಚ್ಚು ಬಂದದ್ದು ಸರಿಯಾಗಿ ಅಷ್ಟೇ! ಅಲ್ಲೇ ಒಂದು ನಿಮಿಷ ಕೂತು ಯೋಚಿಸಿದ್ದರೆ ಮುಂದಿನದ್ದೂ ಹೊಳೆಯುತ್ತಿತ್ತು. ಬೋರ್ಡ್ ಹಾಗೇ ಇಟ್ಟು, 5.00ಕ್ಕೆ ಸೆಟ್ ಮಾಡಿ, ಲೈನ್‌ಗೆ ಕೊಟ್ಟುಬಿಟ್ಟೆ.

ಮೊದಲ ಹತ್ತಿಪ್ಪತ್ತು ಬೋರ್ಡ್ ಪಾಸ್. ಆಮೇಲೆ ಒಂದು ಸತ್ತಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಬ್ಯಾಚ್ ಸರಿ ಇಲ್ಲ ಅಂದೆ. ಫರ್ಮ್‌ವೇರ್ ನೋಡಿ ಅಂದೆ. ಬೋರ್ಡ್‌ಗೆ ತಾಗುವ ಸ್ಪ್ರಿಂಗ್ ಪಿನ್, ಅಂದರೆ ಪೋಗೋ ಪಿನ್ ಒರೆಸಿದೆ. ಪ್ರತಿ ಸಲ ಬೋರ್ಡ್ ಕೂರಿಸಿ ಮೀಟರ್ ಹಿಡಿದೆ, ಪ್ರತಿ ಸಲವೂ 5.00. ಸಪ್ಲೈ ಸರಿ ಇದೆ ಅಂತ ಮೂರು ಸಲ ಗಟ್ಟಿಯಾಗಿ ಹೇಳಿದೆ. ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಲೈನ್ ಯಾವಾಗ ಶುರು ಅಂತ ಕೇಳುತ್ತಲೇ ಇದ್ದರು. ಆ ನಡುವೆ ಇನ್ನೂ ನಾಲ್ಕು ಹೋದವು.

ಕಂಡುಹಿಡಿದದ್ದು ಜಿಗ್ ಆಪರೇಟರ್. ಮೀಟರ್ ಕ್ಲಿಪ್ ಬಿಚ್ಚದೆ ಹಾಗೇ ಬಿಟ್ಟಿದ್ದೆ. ಅವಳು ಬೋರ್ಡ್ ಎತ್ತಿದವಳು ಕೈ ಹಾಗೇ ತಡೆದಳು. 'ಸರ್, ಬೋರ್ಡ್ ತೆಗೆದರೆ ನಂಬರ್ ಮೇಲೆ ಹೋಗ್ತಿದೆ ನೋಡಿ' ಅಂದಳು. 5.4. 6.3. 7.1. ನಿಧಾನಕ್ಕೆ ಏರುತ್ತಾ ಹೋಗಿ 8.4ರಲ್ಲಿ ನಿಂತಿತು. ಯಾರೂ ಮಾತಾಡಲಿಲ್ಲ. ನನಗೆ ಕಿವಿ ಬಿಸಿಯಾಯಿತು.

ಎಲ್ಎಂ317 ತನ್ನ ಒಳಗಿನ ಸರ್ಕ್ಯೂಟ್ ನಡೆಸುವ ಕರೆಂಟನ್ನು ಗ್ರೌಂಡ್‌ಗೆ ಬಿಡುವುದಿಲ್ಲ, ಅದಕ್ಕೆ ಗ್ರೌಂಡ್ ಪಿನ್ನೇ ಇಲ್ಲ. ಅದೆಲ್ಲ ಔಟ್‌ಪುಟ್ ಕಡೆಯಿಂದಲೇ ಹೊರಗೆ ಹೋಗಬೇಕು. ಅದಕ್ಕೇ ಡೇಟಾಶೀಟ್ ಕನಿಷ್ಠ ಲೋಡ್ ಕೇಳುತ್ತದೆ: ಸಾಮಾನ್ಯವಾಗಿ 3.5 ಮಿಲಿಆಂಪ್, ಕೆಟ್ಟ ಸಂದರ್ಭದಲ್ಲಿ 10. 240 ಓಮ್ ಇದ್ದಾಗ ಆರ್1 ಒಂದೇ 5 ಮಿಲಿಆಂಪ್ ಎಳೆಯುತ್ತಿತ್ತು. ನನ್ನ 2.4 ಕೆ ಎಳೆದದ್ದು ಅರ್ಧ ಮಿಲಿಆಂಪ್. ಬೋರ್ಡ್ ಇದ್ದಾಗ ಲೋಡ್ ಇದೆ, ಎಲ್ಲ ಸರಿ. ಬೋರ್ಡ್ ಎತ್ತಿದ ತಕ್ಷಣ ಔಟ್‌ಪುಟ್‌ನ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ತುಂಬುತ್ತಾ ಹೋಗುತ್ತದೆ. ಒಂದು ಸೆಕೆಂಡಿನಲ್ಲಿ ಮುಂದಿನ ಬೋರ್ಡ್ ಇಟ್ಟರೆ ಅದು ಬದುಕುತ್ತದೆ. ಏನೋ ಬರೆದುಕೊಳ್ಳೋಕೆ ಹತ್ತು ಸೆಕೆಂಡ್ ನಿಂತರೆ ಮುಂದಿನದಕ್ಕೆ 8 ವೋಲ್ಟ್ ಬಡಿಯುತ್ತದೆ. ಚೆಕ್ ಮಾಡುವ ನೆಪದಲ್ಲಿ ಜಾಸ್ತಿ ಹೊತ್ತು ನಿಲ್ಲಿಸಿದವನು ನಾನೇ.

ಔಟ್‌ಪುಟ್‌ಗೆ ಅಡ್ಡಲಾಗಿ 470 ಓಮ್ ಬೆಸುಗೆ ಹಾಕಿ ಲೈನ್ ಶುರು ಮಾಡಿದೆವು. ಬೋರ್ಡ್ ಎತ್ತಿದರೂ 5.00. ಬೆಳಿಗ್ಗೆಯಿಂದ ಪಾಸ್ ಆದ ನಲವತ್ತು ಚಿಲ್ಲರೆ ಬೋರ್ಡ್‌ಗಳನ್ನು ಹೋಲ್ಡ್‌ನಲ್ಲಿ ಇಡಿಸಿದೆ. ಅವಕ್ಕೂ ಸ್ವಲ್ಪವಾದರೂ ಏಟು ಬಿದ್ದಿರುತ್ತದೆ. ಸೂಪರ್‌ವೈಸರ್‌ಗೆ ಇದು ಇಷ್ಟವಾಗಲಿಲ್ಲ, ಪಾಸ್ ಅಂದರೆ ಪಾಸ್ ಅಂದರು. ನಾನು ಬಿಡಲಿಲ್ಲ. ಆ ದಿನ ನಾನು ಮಾಡಿದ ಒಂದೇ ಒಳ್ಳೆ ಕೆಲಸ ಅದು.

ಆಮೇಲೆ ಸರಿಯಾಗಿ ಮಾಡಿದೆ. ಆರ್1 120 ಓಮ್, ಫಿಕ್ಸೆಡ್ 300, ಟ್ರಿಮ್‌ಪಾಟ್ 100. ಆರ್1 ಒಂದೇ 10 ಮಿಲಿಆಂಪ್ ಎಳೆಯುತ್ತದೆ. ರೇಂಜ್ 4.4ರಿಂದ 5.44, ಲೆಕ್ಕದ ಪ್ರಕಾರ ಪೂರ್ತಿ ತಿರುಗಿಸಿದರೂ 5.5 ಮುಟ್ಟುವುದಿಲ್ಲ. ಟ್ರಿಮ್‌ಪಾಟ್‌ನ ವೈಪರನ್ನು, ಅಂದರೆ ಒಳಗೆ ಜಾರುವ ಸಂಪರ್ಕದ ಪಿನ್ನನ್ನು, ಒಂದು ತುದಿಗೆ ಸೇರಿಸಿ ಬೆಸೆದಿದ್ದೇನೆ. ಇಲ್ಲದಿದ್ದರೆ ವೈಪರ್ ಸವೆದು ಸಂಪರ್ಕ ತಪ್ಪಿದ ದಿನ ಔಟ್‌ಪುಟ್ ನೇರ ಇನ್‌ಪುಟ್ ಹತ್ತಿರಕ್ಕೆ ಹಾರುತ್ತದೆ. ಜಿಗ್ ಚೆಕ್‌ಲಿಸ್ಟ್‌ನಲ್ಲಿ 'ಬೋರ್ಡ್ ಇಲ್ಲದೆ ವೋಲ್ಟೇಜ್' ಅಂತ ಒಂದು ಸಾಲು ಸೇರಿಸಿದ್ದೇವೆ. ಅದನ್ನು ತುಂಬುವುದು ಆ ಆಪರೇಟರ್.

100 ಓಮ್ ಟ್ರಿಮ್‌ಪಾಟ್ ಹತ್ತು ಬೇಕು ಅಂತ ಇಂಡೆಂಟ್ ಹಾಕಿದ್ದೆ. ಬಂದದ್ದು ಒಂದು. ಎರಡನೇ ಜಿಗ್ ಇನ್ನೂ ಹಳೇ 5 ಕೆ ಪಾಟ್‌ನಲ್ಲೇ ಓಡುತ್ತಿದೆ. ನಾಬ್ ಅಲುಗದಂತೆ ಟೇಪ್ ಸುತ್ತಿಟ್ಟಿದ್ದೇನೆ.